ನಾಲ್ಕನೆಯ ಆಯಾಮ: ಎಣಿಕೆ, ಕಲ್ಪನೆ, ಪರೀಕ್ಷೆ

'ಆಯಾಮ' ಎಂಬ ಶಬ್ದವು ವೇದಿಕೆಗಳ ಮೇಲೂ ಪತ್ರಿಕೆಗಳಲ್ಲಿಯೂ ಧಾರಾಳವಾಗಿ ಬಳಕೆಯಾಗುತ್ತಿದೆ. ಸಾಹಿತ್ಯಕ್ಕೆ ಹೊಸ ಆಯಾಮ, ಶಿಕ್ಷಣಕ್ಕೆ ಹೊಸ ಆಯಾಮ ಎಂಬ ಮಾತುಗಳು ನಮ್ಮ ಕಿವಿಗೆ ರೂಢಿಯಾಗಿಬಿಟ್ಟಿವೆ. ಇದರಿಂದ ಹಾನಿಯೇನೂ ಇಲ್ಲ. ಆದರೆ 'ನಾಲ್ಕನೆಯ ಆಯಾಮ' ಎಂಬ ಮಾತು ಬಂದಾಗ ಸಂಗತಿ ಬೇರೆಯಾಗುತ್ತದೆ. ಅದು ಇಂದ್ರಿಯಗಳಿಗೆ ನಿಲುಕದ ಒಂದು ಲೋಕವೆಂದೂ, ಅಗಲಿದವರ ಆತ್ಮಗಳು ಅಲ್ಲಿ ನೆಲಸಿರುತ್ತವೆಯೆಂದೂ, ಆಧುನಿಕ ವಿಜ್ಞಾನವೂ ಇದನ್ನು ಒಪ್ಪಿಕೊಂಡಿದೆಯೆಂದೂ ಹೇಳುವವರಿದ್ದಾರೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೂ ವಿಜ್ಞಾನವು ಹೇಳದೆ ಇದ್ದುದನ್ನು ಅದರ ಬಾಯಿಂದ ಹೇಳಿಸುವುದು ವಿಜ್ಞಾನಕ್ಕೂ ಹಿತವಲ್ಲ, ಅಧ್ಯಾತ್ಮಕ್ಕೂ ಹಿತವಲ್ಲ. ಅನುಭಾವದ ಮಾತಿಗೆ ಜ್ಯಾಮಿತಿಯ ಊರುಗೋಲು ಬೇಕಾಗಿಲ್ಲ. ಜ್ಯಾಮಿತಿಗೆ ಅನುಭಾವದ ಮುದ್ರೆಯೂ ಬೇಕಾಗಿಲ್ಲ. ಆದುದರಿಂದ ಆಯಾಮವೆಂದರೇನು, ಮೂರಕ್ಕಿಂತ ಹೆಚ್ಚಿನ ಆಯಾಮಗಳನ್ನು ಗಣಿತಜ್ಞರು ಯಾವ ಅರ್ಥದಲ್ಲಿ ಅರಿತಿದ್ದಾರೆ, ಅವು ನಿಸರ್ಗದಲ್ಲಿ ನಿಜವಾಗಿಯೂ ಇವೆಯೇ ಎಂಬುದನ್ನು ಹೇಗೆ ಪರೀಕ್ಷಿಸಲಾಗಿದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಶಬ್ದಾರ್ಥ. ಒಂದು ವಸ್ತುವಿನ ನೆಲೆಯನ್ನು ಖಚಿತವಾಗಿ ತಿಳಿಸಲು ಒಂದನ್ನೊಂದು ಅವಲಂಬಿಸದ ಎಷ್ಟು ಅಳತೆಗಳು ಬೇಕಾಗುತ್ತವೆಯೋ ಅಷ್ಟು ಆಯಾಮಗಳು. ಬಾವಿಯ ಹಗ್ಗದ ಮೇಲೆ ಒಂದು ಇರುವೆ ಹರಿಯುತ್ತಿದ್ದರೆ, ತುದಿಯಿಂದ ಇಷ್ಟು ಮೊಳ ಎಂದು ಹೇಳಿದರೆ ಸಾಕು. ಅದರ ನೆಲೆ ತಿಳಿಯಿತು. ಅದೇ ಇರುವೆ ಅಂಗಳದ ನೆಲದ ಮೇಲಿದ್ದರೆ ಮೂಡಣ ಗೋಡೆಯಿಂದ ಎಷ್ಟು, ತೆಂಕಣ ಗೋಡೆಯಿಂದ ಎಷ್ಟು ಎಂದು ಎರಡು ಅಳತೆಗಳು ಬೇಕು. ಪಡಸಾಲೆಯಲ್ಲಿ ತೂಗುಹಾಕಿದ ದೀಪದ ನೆಲೆಯನ್ನು ಹೇಳಲು ನೆಲದಿಂದ ಎತ್ತರವೆಂಬ ಮೂರನೆಯ ಅಳತೆಯೂ ಬೇಕಾಗುತ್ತದೆ. ಅಲ್ಲಿಗೆ ಮುಗಿಯಿತು. ನಾಲ್ಕನೆಯ ಅಳತೆಯನ್ನು ಕೊಡಲು ಯಾರಾದರೂ ಹೊರಟರೆ ಅದು ಮೊದಲ ಮೂರರಿಂದಲೇ ಲೆಕ್ಕಹಾಕಿ ತೆಗೆಯಬಹುದಾದುದು ಆಗಿರುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಸೇರುವಲ್ಲಿ ಮೂರು ಗೆರೆಗಳು ಒಂದಕ್ಕೊಂದು ಲಂಬವಾಗಿ ಕೂಡುತ್ತವೆ. ಆ ಮೂರಕ್ಕೂ ಲಂಬವಾಗಿರುವಂತೆ ನಾಲ್ಕನೆಯ ಕಡ್ಡಿಯೊಂದನ್ನು ನಿಲ್ಲಿಸಲು ವಾಚಕರು ಯತ್ನಿಸಿ ನೋಡಬಹುದು, ಯಾರಿಗೂ ಸಾಧ್ಯವಾಗಿಲ್ಲ.

ಈ ಅಸಾಧ್ಯತೆಯನ್ನು ಪ್ರಾಚೀನರು ಸಿದ್ಧಾಂತವೆಂದೇ ಗ್ರಹಿಸಿದ್ದರು. ಮೂರು ಆಯಾಮಗಳಿಗೆ ವಸ್ತುವು ಪೂರ್ಣವಾಯಿತು, ಅದರಾಚೆಗೆ ಹೋಗಲು ಎಡೆಯಿಲ್ಲವೆಂದು ಅರಿಸ್ಟಾಟಲನು ವಾದಿಸಿದನು. ಖಗೋಲಜ್ಞನಾದ ಟಾಲೆಮಿಯು ಮೂರಕ್ಕಿಂತ ಹೆಚ್ಚು ಲಂಬರೇಖೆಗಳು ಒಂದೆಡೆ ಕೂಡಲಾರವೆಂದು ತೋರಿಸಲು ಒಂದು ಗ್ರಂಥವನ್ನೇ ಬರೆದಿದ್ದನೆಂದು ಸಿಂಪ್ಲಿಶಿಯಸ್ ಎಂಬ ವ್ಯಾಖ್ಯಾನಕಾರನಿಂದ ತಿಳಿದುಬರುತ್ತದೆ; ಆ ಗ್ರಂಥ ಉಳಿದಿಲ್ಲ. ಕಾಲವನ್ನು ನಾಲ್ಕನೆಯ ಆಯಾಮವೆಂದು ಎಣಿಸಬಹುದೆಂಬ ಸೂಚನೆ ಮುದ್ರಣದಲ್ಲಿ ಕಾಣಿಸಿಕೊಂಡದ್ದು 1754ರಲ್ಲಿ, ಫ್ರಾನ್ಸಿನ ವಿಶ್ವಕೋಶಕ್ಕಾಗಿ ದಾಲಂಬೇರನು ಬರೆದ ಲೇಖನದಲ್ಲಿ. ಅಲ್ಲಿಯೂ ಅದು ಹಾದುಹೋಗುವ ಮಾತಷ್ಟೆ.

ಆಯಾಮವನ್ನು ಸ್ಥಳದಿಂದ ಬಿಡಿಸಿ, ಕೇವಲ ಸ್ವತಂತ್ರ ಅಳತೆಗಳ ಎಣಿಕೆಯೆಂದು ಹಿಡಿದರೆ ಇದರಲ್ಲಿ ಆಶ್ಚರ್ಯವೇನೂ ಉಳಿಯುವುದಿಲ್ಲ. ಹುಬ್ಬಳ್ಳಿಯ ಮಾರುಕಟ್ಟೆಗೆ ಬಂದ ಹತ್ತಿಯ ಅಂಡಿಗೆಯೊಂದನ್ನು ಪರೀಕ್ಷಿಸುವವನು ಎಳೆಯ ಉದ್ದ, ಎಳೆಯ ನಯ, ಅದರ ಬಲ, ಬಣ್ಣ, ತೇವ, ಅದರಲ್ಲಿ ಸೇರಿದ ಕಸ ಎಂದು ಆರು ಬಗೆಯ ಅಳತೆಗಳನ್ನು ಗುರುತಿಸಿಕೊಂಡರೆ, ಆ ಅಂಡಿಗೆಯು ಆರು ಆಯಾಮಗಳ ಒಂದು ಅವಕಾಶದಲ್ಲಿ ಒಂದು ಬಿಂದುವಾಯಿತು. ಕೃತಕ ಉಪಗ್ರಹವೊಂದರ ಮುಂದಿನ ಪಥವನ್ನು ಹೇಳಬೇಕಾದರೆ ಅದರ ನೆಲೆಗೆ ಮೂರು ಸಂಖ್ಯೆಗಳು, ವೇಗಕ್ಕೆ ಮೂರು ಸಂಖ್ಯೆಗಳು, ಒಟ್ಟು ಆರು. ಇಂದಿನ ಗಣಕಯಂತ್ರಗಳು ಭಾಷೆಯ ಒಂದೊಂದು ಪದವನ್ನೂ ನೂರಾರು ಸಂಖ್ಯೆಗಳ ಸಾಲಾಗಿ ಬರೆದುಕೊಂಡು, ಯಾವ ಪದ ಯಾವುದಕ್ಕೆ ಸಮೀಪವೆಂದು ಆ ನೂರಾರು ಆಯಾಮಗಳಲ್ಲಿ ಅಂತರವನ್ನು ಅಳೆಯುತ್ತವೆ. ಇಲ್ಲೆಲ್ಲ ಆಯಾಮವೆಂಬುದು ಒಂದು ಸ್ಥಳವಲ್ಲ, ಒಂದು ಲೋಕವೂ ಅಲ್ಲ. ಅದು ಲೆಕ್ಕದ ಒಂದು ಕಂಬಸಾಲು. ಇಷ್ಟನ್ನು ಮನಗಂಡರೆ ಅರ್ಧ ಗೊಂದಲ ಕಳೆದಂತೆಯೇ.

ಹಾಗಾದರೆ ಉಳಿದರ್ಧವೇನು? ಉದ್ದ ಅಗಲ ಎತ್ತರಗಳಂತೆಯೇ ಇರುವ, ಅವುಗಳಿಗೆ ಲಂಬವಾಗಿರುವ ನಾಲ್ಕನೆಯ ದಿಕ್ಕೊಂದಿದ್ದರೆ ಅಲ್ಲಿಯ ಆಕೃತಿಗಳು ಹೇಗಿರುತ್ತವೆ ಎಂಬುದು. ಕಣ್ಣಿಗೆ ಕಾಣದುದನ್ನು ಹೇಗೆ ತಿಳಿಯುವುದೆಂದು ಕೇಳಬಹುದು. ಉತ್ತರ: ಎಣಿಸಿ ತಿಳಿಯುವುದು.

ಒಂದು ಬಿಂದುವನ್ನು ಒಂದು ಅಂಗುಲ ಎಳೆದರೆ ರೇಖೆಯಾಗುತ್ತದೆ. ಅದಕ್ಕೆ ಎರಡು ತುದಿಗಳು. ಆ ರೇಖೆಯನ್ನು ತನಗೆ ಲಂಬವಾಗಿ ಒಂದು ಅಂಗುಲ ಸರಿಸಿದರೆ ಚೌಕವಾಗುತ್ತದೆ. ಅದಕ್ಕೆ ನಾಲ್ಕು ಮೂಲೆಗಳು, ನಾಲ್ಕು ಅಂಚುಗಳು. ಚೌಕವನ್ನು ಅದರ ತಲಕ್ಕೆ ಲಂಬವಾಗಿ ಒಂದು ಅಂಗುಲ ಎತ್ತಿದರೆ ಘನವಾಗುತ್ತದೆ. ಘನದ ಅಂಚುಗಳನ್ನು ನೋಡದೆಯೇ ಎಣಿಸಬಹುದು: ಹೊರಟ ಚೌಕದ ಅಂಚುಗಳು 4, ತಲುಪಿದ ಚೌಕದ ಅಂಚುಗಳು 4, ನಾಲ್ಕು ಮೂಲೆಗಳು ಚಲಿಸುವಾಗ ಎಳೆದ ಗೆರೆಗಳು 4, ಒಟ್ಟು 12. ಕೈಯಲ್ಲಿ ಘನವನ್ನು ಹಿಡಿದು ಎಣಿಸಿದರೂ ಅಷ್ಟೇ ಬರುತ್ತದೆ. ಈಗ ಘನವನ್ನು, ನಮಗೆ ತೋರಿಸಲಾಗದ ನಾಲ್ಕನೆಯ ದಿಕ್ಕಿನಲ್ಲಿ ಒಂದು ಅಂಗುಲ ಸರಿಸಿದೆವೆನ್ನೋಣ. ಕಣ್ಣು ಇಲ್ಲಿ ನಿಂತುಬಿಡುತ್ತದೆ, ಎಣಿಕೆ ನಿಲ್ಲುವುದಿಲ್ಲ. ಮೂಲೆಗಳು 8 ಮತ್ತು 8, ಒಟ್ಟು 16. ಅಂಚುಗಳು 12, 12 ಮತ್ತು ಎಂಟು ಮೂಲೆಗಳು ಎಳೆದ 8, ಒಟ್ಟು 32. ಚೌಕಮುಖಗಳು 6, 6 ಮತ್ತು ಹನ್ನೆರಡು ಅಂಚುಗಳು ಹಾಸಿದ 12, ಒಟ್ಟು 24. ಚೌಕವನ್ನು ಅಂಚುಗಳೂ ಘನವನ್ನು ಚೌಕಗಳೂ ಸುತ್ತುವರಿದಿರುವಂತೆ ಈ ಹೊಸ ಆಕೃತಿಯನ್ನು ಘನಗಳು ಸುತ್ತುವರಿದಿರುತ್ತವೆ. ಅವು 1, 1 ಮತ್ತು ಆರು ಮುಖಗಳು ಚಲಿಸಿ ಮೂಡಿಸಿದ 6, ಒಟ್ಟು 8. ಇದಕ್ಕೆ 'ಟೆಸರಾಕ್ಟ್' ಎಂಬ ಹೆಸರನ್ನು ಚಾರ್ಲ್ಸ್ ಹೋವರ್ಡ್ ಹಿಂಟನ್ ಎಂಬ ಆಂಗ್ಲ ಗಣಿತ ಶಿಕ್ಷಕನು 1888ರಲ್ಲಿ ಕೊಟ್ಟನು. ನಾವು ಅತಿಘನವೆಂದು ಕರೆಯೋಣ. ಒಂದು ಅಂಗುಲದ ಚೌಕದ ಕರ್ಣವು ಎರಡರ ವರ್ಗಮೂಲ, ಘನದ ಕರ್ಣವು ಮೂರರ ವರ್ಗಮೂಲ. ಎರಡೂ ತುದಿಯಿಲ್ಲದ ದಶಮಾಂಶಗಳು. ಅತಿಘನದ ಕರ್ಣವು ನಾಲ್ಕರ ವರ್ಗಮೂಲ, ಅಂದರೆ ಸರಿಯಾಗಿ ಎರಡು ಅಂಗುಲ. ಕಾಣದ ಆಕೃತಿಯ ಕರ್ಣವು ಕಾಣುವ ಆಕೃತಿಗಳ ಕರ್ಣಕ್ಕಿಂತ ಸರಳವಾಗಿರುವುದು ಒಂದು ಸೊಗಸೇ ಸರಿ.

ಎಣಿಕೆಯ ಜೊತೆಗೆ ಇನ್ನೆರಡು ಉಪಾಯಗಳುಂಟು: ನೆರಳು ಮತ್ತು ಛೇದ. ಘನಾಕೃತಿಯೊಂದರ ನೆರಳು ಗೋಡೆಯ ಮೇಲೆ ಚಪ್ಪಟೆಯಾಗಿ ಬೀಳುತ್ತದೆ. ಅದನ್ನು ನೋಡಿಯೇ ನಾವು ವಸ್ತುವನ್ನು ಊಹಿಸುತ್ತೇವೆ. ಅಂತೆಯೇ ಅತಿಘನದ ನೆರಳು ಮೂರು ಆಯಾಮಗಳ ಆಕೃತಿಯಾಗಿರುತ್ತದೆ, ಅದನ್ನು ತಂತಿಯಿಂದ ಕಟ್ಟಬಹುದು: ದೊಡ್ಡ ಘನದೊಳಗೆ ಒಂದು ಚಿಕ್ಕ ಘನ, ಮೂಲೆಯಿಂದ ಮೂಲೆಗೆ ಕಟ್ಟಿದ ತಂತಿಗಳು. ಇನ್ನು ಛೇದ. ನಿಂಬೆಹಣ್ಣನ್ನು ತೆಳುವಾಗಿ ಬಿಲ್ಲೆಬಿಲ್ಲೆಯಾಗಿ ಕೊಯ್ದರೆ ಮೊದಲು ಚಿಕ್ಕ ವೃತ್ತ, ಆಮೇಲೆ ದೊಡ್ಡದು, ಮತ್ತೆ ಚಿಕ್ಕದು, ಕೊನೆಗೆ ಏನೂ ಇಲ್ಲ. ಬಿಲ್ಲೆಗಳನ್ನು ಮಾತ್ರ ಬಲ್ಲವನೊಬ್ಬನಿದ್ದರೆ ಅವನಿಗೆ ಹಣ್ಣೆಂಬುದು ಹುಟ್ಟಿ ಬೆಳೆದು ಕುಗ್ಗಿ ಅಳಿಯುವ ವೃತ್ತ. ನಾಲ್ಕು ಆಯಾಮಗಳ ಗೋಲವೊಂದು ನಮ್ಮ ಅವಕಾಶವನ್ನು ಹಾದುಹೋದರೆ ನಮಗೆ ಕಾಣುವುದು ಶೂನ್ಯದಿಂದ ಮೂಡಿ, ಹಿಗ್ಗಿ, ಕುಗ್ಗಿ, ಮಾಯವಾಗುವ ಚೆಂಡು. ಎಡ್ವಿನ್ ಆಬಟ್ ಎಂಬ ಶಾಲಾಮುಖ್ಯನೂ ಪಾದ್ರಿಯೂ ಆದ ಲೇಖಕನು 1884ರಲ್ಲಿ ಪ್ರಕಟಿಸಿದ 'ಫ್ಲ್ಯಾಟ್‌ಲ್ಯಾಂಡ್' ಎಂಬ ಕಥೆಯಲ್ಲಿ ಈ ಹೋಲಿಕೆಯನ್ನೇ ಬೆಳೆಸಿದ್ದಾನೆ. ಅತಿಘನವನ್ನು ಕಾಗದದ ಪೆಟ್ಟಿಗೆಯಂತೆ ಬಿಚ್ಚಿದರೆ ಎಂಟು ಘನಗಳ ಒಂದು ಶಿಲುಬೆಯಾಗುತ್ತದೆ. ಸ್ಪೇನಿನ ಚಿತ್ರಕಾರ ಡಾಲಿಯು 1954ರಲ್ಲಿ ಕ್ರಿಸ್ತನನ್ನು ಆ ಶಿಲುಬೆಯ ಮುಂದೆ ಚಿತ್ರಿಸಿದನು.

ಹೋಲಿಕೆಯೇ ಎಲ್ಲವನ್ನೂ ಹೇಳಿಬಿಡುತ್ತದೆಂದು ಭಾವಿಸುವಂತಿಲ್ಲ. ಹೋಲಿಕೆಯು ಕೈಬಿಡುವ ಕಡೆಗಳಲ್ಲಿಯೇ ಈ ಶಾಸ್ತ್ರದ ಸತ್ತ್ವವಿದೆ. ಎಲ್ಲ ಬಾಹುಗಳೂ ಕೋನಗಳೂ ಸಮನಾಗಿರುವ ಆಕೃತಿಗಳು ಸಮತಲದಲ್ಲಿ ಅಸಂಖ್ಯಾತ. ಮೂರು ಆಯಾಮಗಳಲ್ಲಿ ಅಂಥ ಘನಾಕೃತಿಗಳು ಐದೇ ಐದು. ಯೂಕ್ಲಿಡನು ಇದನ್ನು ಸಾಧಿಸಿದ್ದಾನೆ. ನಾಲ್ಕು ಆಯಾಮಗಳಲ್ಲಿ ಎಷ್ಟಿರಬೇಕು? ಊಹೆಗೆ ಇಲ್ಲಿ ದಾರಿಯಿಲ್ಲ. ಸ್ವಿಟ್ಜರ್ಲೆಂಡಿನ ಲೂಡ್ವಿಗ್ ಷ್ಲೇಫ್ಲಿಯು 1850ರಿಂದ 1852ರ ವರೆಗೆ ದುಡಿದು ಕಂಡುಕೊಂಡ ಉತ್ತರ ಆರು. ಐದು ಆಯಾಮಗಳಲ್ಲಿಯೂ ಅದರಾಚೆ ಎಷ್ಟು ಏರಿದರೂ ಮೂರೇ ಮೂರು. ಅಸಂಖ್ಯ, ಐದು, ಆರು, ಆಮೇಲೆ ಸದಾಕಾಲ ಮೂರು. ಯಾವ ಕವಿಕಲ್ಪನೆಯೂ ಇಂಥ ಸಾಲನ್ನು ಕಟ್ಟಿಕೊಡಲಾರದು. ಷ್ಲೇಫ್ಲಿಯ ಗ್ರಂಥ ಪೂರ್ಣವಾಗಿ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1901ರಲ್ಲಿ. ಇನ್ನೊಂದು ವಿಚಿತ್ರ: ಚೌಕದ ಪೆಟ್ಟಿಗೆಯಲ್ಲಿ ಹಿಡಿಸುವ ಅತಿದೊಡ್ಡ ವೃತ್ತವು ಅದರ ನೂರಕ್ಕೆ 78 ಪಾಲಿಗಿಂತ ತುಸು ಹೆಚ್ಚನ್ನು ತುಂಬುತ್ತದೆ. ಘನಪೆಟ್ಟಿಗೆಯಲ್ಲಿ ಉಂಡೆಯು ಸುಮಾರು 52 ಪಾಲನ್ನು ಮಾತ್ರ ತುಂಬುತ್ತದೆ. ನಾಲ್ಕು ಆಯಾಮಗಳಲ್ಲಿ ಅದು ಸುಮಾರು 31, ಹತ್ತು ಆಯಾಮಗಳಲ್ಲಿ ನೂರಕ್ಕೆ ಕಾಲು ಪಾಲು. ಅಂದರೆ ಉಂಡೆಯು ಗೋಡೆಗಳನ್ನೆಲ್ಲ ಮುಟ್ಟಿಕೊಂಡೇ ಇದ್ದರೂ ಪೆಟ್ಟಿಗೆ ಬಹುಮಟ್ಟಿಗೆ ಬರಿದು. ಇರುವ ಎಡೆಯೆಲ್ಲ ಮೂಲೆಗಳಿಗೆ ಸರಿದಿದೆ.

ನಾಲ್ಕನೆಯ ದಿಕ್ಕಿನಿಂದ ಸಾಧ್ಯವಾಗುವ ಇನ್ನೊಂದು ಸಂಗತಿಯನ್ನು ಜರ್ಮನಿಯ ಮೋಬಿಯಸನು 1827ರಲ್ಲಿ ಗುರುತಿಸಿದನು. ಎಡಗೈಯ ಆಕಾರವನ್ನು ಕಾಗದದಲ್ಲಿ ಕತ್ತರಿಸಿ ಮೇಜಿನ ಮೇಲಿಟ್ಟು ಎಷ್ಟು ತಿರುಗಿಸಿದರೂ ಅದು ಬಲಗೈಯಾಗುವುದಿಲ್ಲ. ಎತ್ತಿ ಮಗುಚಿದರೆ ಆಗುತ್ತದೆ, ಏಕೆಂದರೆ ಮೂರನೆಯ ಆಯಾಮವನ್ನು ನಾವು ಬಳಸಿಕೊಂಡೆವು. ಅದೇ ರೀತಿ ನಿಜವಾದ ಎಡಪಾದದ ಜೋಡನ್ನು ನಾಲ್ಕನೆಯ ದಿಕ್ಕಿನಲ್ಲಿ ಮಗುಚಿದರೆ ಅದು ಬಲಪಾದದ್ದಾಗಬೇಕು. ಮೋಬಿಯಸನು ಇಷ್ಟು ಹೇಳಿ, ಅಂಥ ಅವಕಾಶವನ್ನು ಆಲೋಚಿಸಲಾಗದ ಕಾರಣ ಇದು ಅಸಾಧ್ಯವೆಂದು ಅಲ್ಲಿಗೇ ಬಿಟ್ಟನು. ಅವನ ಎಚ್ಚರಿಕೆ ಅತಿಯಾಯಿತು. 1854ರ ಜೂನ್ 10ರಂದು ಗೋಟಿಂಗೆನ್ನಿನಲ್ಲಿ ರೀಮನ್ ಮಾಡಿದ ಉಪನ್ಯಾಸದ ತರುವಾಯ ಗಣಿತಜ್ಞರು ಎಷ್ಟು ಆಯಾಮಗಳನ್ನಾದರೂ ನಿಶ್ಶಂಕೆಯಿಂದ ಎಣಿಸತೊಡಗಿದರು. ಆದರೆ ಎಚ್ಚರಿಕೆಯನ್ನು ಪೂರ್ತಿಯಾಗಿ ಬಿಟ್ಟವರಿಗೆ ಏನಾಯಿತೆಂಬುದನ್ನೂ ನೋಡಬೇಕು.

ಲೈಪ್‌ಜಿಗ್ ವಿಶ್ವವಿದ್ಯಾಲಯದ ಯೋಹಾನ್ ಕಾರ್ಲ್ ಫ್ರೀಡ್ರಿಕ್ ಟ್ಸ್ಯೋಲ್ನರ್ ಸಾಮಾನ್ಯ ವಿದ್ವಾಂಸನಲ್ಲ. ನಕ್ಷತ್ರಗಳ ಕಾಂತಿಯನ್ನು ಅಳೆಯುವ ಯಂತ್ರವನ್ನು ರೂಪಿಸಿದ ಖಭೌತವಿಜ್ಞಾನಿ. ಎರಡೂ ತುದಿಗಳನ್ನು ಬಂಧಿಸಿದ ಹಗ್ಗದಲ್ಲಿ ಗಂಟು ಹಾಕುವುದು ಮೂರು ಆಯಾಮಗಳಲ್ಲಿ ಅಸಾಧ್ಯ, ನಾಲ್ಕು ಆಯಾಮಗಳಲ್ಲಿ ಸುಲಭಸಾಧ್ಯವೆಂಬ ಗಣಿತದ ಮಾತು ಅವನ ಮನಸ್ಸನ್ನು ಹಿಡಿಯಿತು. ಮಾತು ಸರಿಯಾದುದೇ. ಸಮತಲದಲ್ಲಿ ವೃತ್ತದೊಳಗೆ ಸಿಕ್ಕಿದ ಚುಕ್ಕೆಯನ್ನು ಗೆರೆ ದಾಟಿಸದೆ ಮೇಲಕ್ಕೆತ್ತಿ ಹೊರಗಿಡುವಂತೆ, ಹಗ್ಗದ ಒಂದೆಳೆಯನ್ನು ನಾಲ್ಕನೆಯ ದಿಕ್ಕಿಗೆ ಸರಿಸಿ ಇನ್ನೊಂದೆಳೆಯ ಆಚೆಗೆ ತರಬಹುದು. ಹಾಗಿದ್ದರೆ ಪ್ರೇತಾತ್ಮಗಳು ನಾಲ್ಕು ಆಯಾಮಗಳ ಜೀವಿಗಳಾಗಿರಬೇಕೆಂದು ಅವನು ತರ್ಕಿಸಿದನು. ಅದೇ ಕಾಲಕ್ಕೆ ಹೆನ್ರಿ ಸ್ಲೇಡ್ ಎಂಬ ಅಮೆರಿಕದ 'ಮಾಧ್ಯಮ'ನು ಯೂರೋಪಿನಲ್ಲಿ ಸಂಚರಿಸುತ್ತಿದ್ದನು. 1876ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ವಂಚನೆಗಾಗಿ ಶಿಕ್ಷೆಗೊಳಗಾಗಿ, ಮೇಲ್ಮನವಿಯಲ್ಲಿ ಕಾಯಿದೆಯ ಒಂದು ಸೂಕ್ಷ್ಮದ ಮೇಲೆ ಪಾರಾದವನು. 1877ರ ಡಿಸೆಂಬರಿನಲ್ಲಿ ಟ್ಸ್ಯೋಲ್ನರನ ಸಮ್ಮುಖದಲ್ಲಿಯೇ ತುದಿಗಳಿಗೆ ಮುದ್ರೆಯೊತ್ತಿದ ಹಗ್ಗದಲ್ಲಿ ನಾಲ್ಕು ಗಂಟುಗಳು ಕಾಣಿಸಿಕೊಂಡವು. ವಿದ್ವಾಂಸನ ಆನಂದಕ್ಕೆ ಮೇರೆಯಿರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಟ್ಸ್ಯೋಲ್ನರನು ಮುಂದೆ ಸೂಚಿಸಿದ ಪರೀಕ್ಷೆಗಳು ಯುಕ್ತವಾದವುಗಳೇ ಆಗಿದ್ದವು. ಅಖಂಡ ಮರದಿಂದ ಕಡೆದ ಎರಡು ಬಳೆಗಳನ್ನು, ಮುರಿಯದೆ, ಒಂದರೊಳಗೊಂದು ಕೋಯಿಸುವುದು ಅವುಗಳಲ್ಲೊಂದು. ಇದು ನೆರವೇರಿದ್ದರೆ ಬಳೆಗಳು ಇಂದಿಗೂ ಸಾಕ್ಷಿ ನುಡಿಯುತ್ತಿದ್ದವು, ಯಾವ ಮಾಧ್ಯಮನ ಪ್ರಾಮಾಣಿಕತೆಯನ್ನೂ ನಂಬಬೇಕಾಗಿರಲಿಲ್ಲ. ಆದದ್ದೇನು? ಬಳೆಗಳು ಒಂದರೊಳಗೊಂದು ಕೂಡಲಿಲ್ಲ. ಪಕ್ಕದ ಸಣ್ಣ ಮೇಜಿನ ಕಾಲಿನಲ್ಲಿ ಸಿಕ್ಕಿಕೊಂಡಿದ್ದುವು. ಟ್ಸ್ಯೋಲ್ನರನು ಇದನ್ನೂ ಅದ್ಭುತವೆಂದೇ ಎಣಿಸಿದನು. ತಾನು ಕೇಳಿದ ಪ್ರಶ್ನೆಗೆ ಉತ್ತರ ಬಾರದೆ, ಕೇಳದ ಪ್ರಶ್ನೆಗೆ ಉತ್ತರ ಬಂದಾಗ ಪರೀಕ್ಷಕನು ಎಚ್ಚತ್ತುಕೊಳ್ಳಬೇಕು, ಅವನು ಎಚ್ಚರಗೊಳ್ಳಲಿಲ್ಲ. 1882ರಲ್ಲಿ ಅವನು ತೀರಿಕೊಂಡ ಮೇಲೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು ನೇಮಿಸಿದ ಸೇಬರ್ಟ್ ಆಯೋಗವು ಸ್ಲೇಡನ ಕೈಚಳಕಗಳನ್ನು ಪ್ರತ್ಯಕ್ಷ ಹಿಡಿದು 1887ರಲ್ಲಿ ವರದಿ ಮಾಡಿತು. ನಾಲ್ಕನೆಯ ಆಯಾಮವು ಆತ್ಮಗಳ ನೆಲೆಯೆಂದು ಇಂದಿಗೂ ಹೇಳಿಕೆಯಲ್ಲಿರುವ ಮಾತಿನ ಹಿಂದೆ ಬಹುಮಟ್ಟಿಗೆ ಈ ಲೈಪ್‌ಜಿಗ್ ಪ್ರಸಂಗವೇ ಇದೆ.

ಅದೇ ದಶಕಗಳಲ್ಲಿ, ಯಾವ ಸದ್ದೂ ಇಲ್ಲದೆ, ನಾಲ್ಕನೆಯ ಆಯಾಮವನ್ನು ನಿಜವಾಗಿ ಬಗೆದು ನೋಡಿದ ಒಬ್ಬ ಮಹಿಳೆಯಿದ್ದಳು. ಅಲೀಸಿಯಾ ಬೂಲ್ 1860ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಜನಿಸಿದಳು. ತರ್ಕವನ್ನು ಬೀಜಗಣಿತವಾಗಿಸಿದ ಜಾರ್ಜ್ ಬೂಲ್ ಆಕೆಯ ತಂದೆ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗಲೇ ಆತ ತೀರಿಕೊಂಡನು. ತಾಯಿ ಮೇರಿ, ಭಾರತದ ಮಹಾಸರ್ವೇಕ್ಷಣೆಯನ್ನು ನಡೆಸಿದ ಜಾರ್ಜ್ ಎವರೆಸ್ಟನ ಅಣ್ಣನೋ ತಮ್ಮನೋ ಆದವನ ಮಗಳು. ಮನೆಯಲ್ಲಿ ಬಡತನ, ಅಲೀಸಿಯಾ ಯಾವ ವಿಶ್ವವಿದ್ಯಾಲಯದಲ್ಲಿಯೂ ಓದಲಿಲ್ಲ. ಅಕ್ಕನನ್ನು ಮದುವೆಯಾದ ಹಿಂಟನ್, ಮೇಲೆ ಹೇಳಿದ ಹಿಂಟನ್ನೇ, ಬಣ್ಣಬಣ್ಣದ ಮರದ ಘನಗಳನ್ನು ಜೋಡಿಸುತ್ತ ನಾಲ್ಕನೆಯ ಆಯಾಮವನ್ನು ಕಲ್ಪಿಸಿಕೊಳ್ಳಲು ಮನೆಯ ಹುಡುಗಿಯರಿಗೆ ಪಾಠ ಹೇಳುತ್ತಿದ್ದನು. ಅಲೀಸಿಯಾ ಬೇಗನೆ ಗುರುವನ್ನು ಮೀರಿದಳು. ಷ್ಲೇಫ್ಲಿಯ ಹೆಸರನ್ನೂ ಕೇಳದೆ, ನಾಲ್ಕು ಆಯಾಮಗಳ ಸಮಾಕೃತಿಗಳು ಆರೇ ಎಂಬುದನ್ನು ತಾನೇ ಕಂಡುಕೊಂಡಳು.

ಅವಳ ವಿಧಾನ ನಾವು ಮೇಲೆ ಕಂಡ ಛೇದವೇ, ನಿಂಬೆಹಣ್ಣಿನ ಬಿಲ್ಲೆಗಳೇ. ಆರು ಆಕೃತಿಗಳಲ್ಲಿ ಅತ್ಯಂತ ಜಟಿಲವಾದ ಒಂದನ್ನು ತೆಗೆದುಕೊಳ್ಳೋಣ. ಅದನ್ನು 600 ಚತುರ್ಮುಖಿಗಳು ಸುತ್ತುವರಿದಿವೆ, ಮೂಲೆಗಳು 120. ಒಂದು ಮೂಲೆಯಿಂದ ತೊಡಗಿ ಪದರಪದರವಾಗಿ ಎದುರಿನ ಮೂಲೆಯ ವರೆಗೆ ಸಾಗಿದರೆ ಪದರಗಳಲ್ಲಿ ಸಿಗುವ ಮೂಲೆಗಳು ಕ್ರಮವಾಗಿ 1, 12, 20, 12, 30, 12, 20, 12, 1. ಕೂಡಿಸಿದರೆ 120. ಮೊದಲ ಹನ್ನೆರಡು ಮೂಲೆಗಳು ಇಪ್ಪತ್ತು ಮುಖಗಳ ಸಮಘನಾಕೃತಿಯನ್ನೂ, ಅನಂತರದ ಇಪ್ಪತ್ತು ಹನ್ನೆರಡು ಮುಖಗಳ ಸಮಘನಾಕೃತಿಯನ್ನೂ ರಚಿಸುತ್ತವೆ. ಯೂಕ್ಲಿಡನ ಹಳೆಯ ಐದರಲ್ಲಿ ಎರಡು ಇಲ್ಲಿ ಬಿಲ್ಲೆಗಳಾಗಿ ಬಂದಿವೆ! ಇಂಥ ಛೇದಗಳನ್ನು ಅಲೀಸಿಯಾ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿ ಸಾಲಾಗಿ ಇಡುತ್ತಿದ್ದಳು. 1890ರಲ್ಲಿ ವಾಲ್ಟರ್ ಸ್ಟಾಟ್ ಎಂಬವನನ್ನು ವಿವಾಹವಾಗಿ, ಎರಡು ಮಕ್ಕಳನ್ನು ಸಾಕುತ್ತ, ಮನೆಗೆಲಸದ ನಡುವೆ ಈ ಕೆಲಸ ಸಾಗಿತು. ನೆದರ್‌ಲೆಂಡ್ಸಿನ ಖ್ರೋನಿಂಗೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಖೌಟೆಯ ಪ್ರಕಟಣೆಯನ್ನು ನೋಡಿ ತನ್ನ ಮಾದರಿಗಳ ಛಾಯಾಚಿತ್ರಗಳನ್ನು ಅವನಿಗೆ ಕಳುಹಿಸಿದಾಗ, ಅವನು ಲೆಕ್ಕದಿಂದ ಸಾಧಿಸಿದ್ದುದೂ ಇವಳು ರಟ್ಟಿನಲ್ಲಿ ಕಟ್ಟಿದ್ದುದೂ ಸರಿಹೊಂದಿದುವು. ಇಬ್ಬರೂ ಅನೇಕ ವರ್ಷ ಕೂಡಿ ದುಡಿದರು. 1914ರಲ್ಲಿ ಖ್ರೋನಿಂಗೆನ್ ವಿಶ್ವವಿದ್ಯಾಲಯವು ಆಕೆಗೆ ಗೌರವ ಡಾಕ್ಟರೇಟನ್ನು ನೀಡಿತು. ಟ್ಸ್ಯೋಲ್ನರನ ಗಂಟುಗಳನ್ನು ಮತ್ತೊಬ್ಬನು ಪರೀಕ್ಷಿಸಲಾರನು. ಅಲೀಸಿಯಾಳ ರಟ್ಟಿನ ತುಂಡುಗಳನ್ನು ಅಳತೆಪಟ್ಟಿ ಹಿಡಿದ ಯಾವ ವಿದ್ಯಾರ್ಥಿಯೂ ಪರೀಕ್ಷಿಸಬಹುದು.

ಇಷ್ಟರಿಂದ ನಿಸರ್ಗದಲ್ಲಿ ನಾಲ್ಕನೆಯ ದಿಕ್ಕು ಇದೆಯೆಂದು ಸಿದ್ಧವಾಗಲಿಲ್ಲ. ಗಣಿತವು ಇರಬಹುದಾದುದನ್ನು ಹೇಳುತ್ತದೆ, ಇರುವುದನ್ನಲ್ಲ. 'ಕಾಲವೇ ನಾಲ್ಕನೆಯ ಆಯಾಮವೆಂದು ಐನ್‌ಸ್ಟೈನ್ ಹೇಳಿಲ್ಲವೇ?' ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. 1905ರ ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತಕ್ಕೆ ಈ ರೂಪವನ್ನು ಕೊಟ್ಟವನು ಹೆರ್ಮನ್ ಮಿಂಕೋವ್‌ಸ್ಕಿ, 1908ರ ಸೆಪ್ಟೆಂಬರ್ 21ರಂದು ಕಲೋನ್ ನಗರದ ಉಪನ್ಯಾಸದಲ್ಲಿ. ಇಬ್ಬರು ಒಂದೇ ಸೀಮೆಯ ನಕ್ಷೆಗಳನ್ನು ಬರೆದರೆನ್ನೋಣ. ಒಬ್ಬನ ಉತ್ತರದಿಕ್ಕು ಇನ್ನೊಬ್ಬನದಕ್ಕಿಂತ ಕೊಂಚ ಓರೆ. ಎರಡು ಊರುಗಳ ನಡುವೆ ಉತ್ತರಕ್ಕೆ ಎಷ್ಟು, ಪೂರ್ವಕ್ಕೆ ಎಷ್ಟು ಎಂಬ ಲೆಕ್ಕ ಇಬ್ಬರಲ್ಲಿಯೂ ಬೇರೆಯಾಗುತ್ತದೆ. ನೇರ ದೂರ ಮಾತ್ರ ಒಂದೇ. ಹಾಗೆಯೇ ಬೇರೆ ಬೇರೆ ವೇಗದಿಂದ ಚಲಿಸುವ ಇಬ್ಬರು ಎರಡು ಘಟನೆಗಳ ನಡುವಣ ಕಾಲವನ್ನೂ ದೂರವನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಎರಡನ್ನೂ ಸೇರಿಸಿದ ಒಂದು ಮೊತ್ತ ಮಾತ್ರ ಇಬ್ಬರಿಗೂ ಒಂದೇ. ಆದರೆ ನಕ್ಷೆಯಲ್ಲಿ ವರ್ಗಗಳನ್ನು ಕೂಡಿಸುತ್ತೇವೆ. ಇಲ್ಲಿ ಕಾಲದ ವರ್ಗದಿಂದ ದೂರದ ವರ್ಗವನ್ನು ಕಳೆಯಬೇಕು. ಈ ಒಂದು ಕಳೆಯುವ ಚಿಹ್ನೆಯಲ್ಲಿಯೇ ಕಾಲವು ಕಾಲವಾಗಿ ಉಳಿದಿದೆ. ಉತ್ತರಕ್ಕೆ ಹೋದವನು ದಕ್ಷಿಣಕ್ಕೆ ಮರಳಬಹುದು. ನಾಳೆಗೆ ಹೋದವನು ನಿನ್ನೆಗೆ ಮರಳುವಂತಿಲ್ಲ. ಆದ್ದರಿಂದ ಕಾಲವು ಒಂದು ಆಯಾಮವೆಂಬುದು ನಿಜ, ಅಲೀಸಿಯಾಳ ನಾಲ್ಕನೆಯ ಆಯಾಮವೆಂಬುದು ಸುಳ್ಳು.

ಈ ಬೆರಕೆಯು ಬರಿಯ ಸೂತ್ರವಲ್ಲ. ಆಕಾಶದಲ್ಲಿ ಹತ್ತಾರು ಕಿಲೋಮೀಟರ್ ಎತ್ತರದಲ್ಲಿ ಹುಟ್ಟುವ ಮ್ಯೂಆನ್ ಎಂಬ ಕಣಗಳ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಬೆಳಕಿನ ವೇಗದಿಂದ ಓಡಿದರೂ ಅಷ್ಟರಲ್ಲಿ ಸುಮಾರು 660 ಮೀಟರ್ ಕ್ರಮಿಸಬೇಕಷ್ಟೆ. ಆದರೂ ಅವು ನೆಲವನ್ನು ಮುಟ್ಟುತ್ತವೆ, ನೆಲದೊಳಕ್ಕೂ ಇಳಿಯುತ್ತವೆ. ನಮ್ಮ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ 1960ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಣಿಸಿದ್ದು ಇಂಥ ಕಣಗಳನ್ನೇ. ನಮ್ಮ ಗಡಿಯಾರದ ಲೆಕ್ಕದಲ್ಲಿ ಅವುಗಳ ಆಯುಷ್ಯ ಹಿಗ್ಗುತ್ತದೆ. ಅವುಗಳ ಲೆಕ್ಕದಲ್ಲಿ ಹಾದಿ ಕುಗ್ಗುತ್ತದೆ.

ಇನ್ನು ಮುಖ್ಯ ಪ್ರಶ್ನೆ. ಉದ್ದ ಅಗಲ ಎತ್ತರಗಳ ಜೊತೆಗೆ ಸ್ಥಳದ ನಾಲ್ಕನೆಯ ದಿಕ್ಕೊಂದು ಇದ್ದರೆ ನಮಗೆ ಗೊತ್ತಾಗುವುದು ಹೇಗೆ? ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. ದೂರ ಎರಡರಷ್ಟಾದರೆ ಅದು ಹರಡುವ ಗೋಲದ ಮೈ ನಾಲ್ಕರಷ್ಟಾಗಿ, ಬೆಳಕು ಕಾಲು ಪಾಲಿಗೆ ಇಳಿಯುತ್ತದೆ. ನ್ಯೂಟನ್ನನ ಗುರುತ್ವಾಕರ್ಷಣೆಗೂ ಇದೇ ನಿಯಮ. ಈ ನಿಯಮಕ್ಕೂ ಸ್ಥಳದ ಮೂರು ಆಯಾಮಗಳಿಗೂ ಸಂಬಂಧವಿದೆಯೆಂಬುದನ್ನು ಕಾಂಟ್ ತನ್ನ ತಾರುಣ್ಯದ ಮೊದಲ ಕೃತಿಯಲ್ಲಿಯೇ ಸೂಚಿಸಿದ್ದನು. ಸ್ಥಳಕ್ಕೆ ನಾಲ್ಕು ಆಯಾಮಗಳಿದ್ದರೆ ಹರಡಲು ಇನ್ನೊಂದು ದಿಕ್ಕು ದೊರೆತು, ದೂರ ಎರಡರಷ್ಟಾದಾಗ ಆಕರ್ಷಣೆಯು ಎಂಟನೆಯ ಒಂದು ಪಾಲಿಗೆ ಇಳಿಯಬೇಕು. ಹಾಗಾದರೆ ಗ್ರಹಗಳ ಗತಿಯೇನು? 1917ರಲ್ಲಿ ಏರನ್‌ಫೆಸ್ಟ್ ತೋರಿಸಿದಂತೆ, ಅಂಥ ವಿಶ್ವದಲ್ಲಿ ಗ್ರಹದ ಕಕ್ಷೆ ಸ್ಥಿರವಾಗಿ ನಿಲ್ಲದು. ತುಸು ತಳ್ಳಿದರೂ ಅದು ಸೂರ್ಯನೊಳಕ್ಕೆ ಸುರುಳಿಯಾಗಿ ಬೀಳಬೇಕು, ಇಲ್ಲವೆ ದೂರಕ್ಕೆ ತೊಲಗಬೇಕು. ಭೂಮಿಯು ಕೋಟ್ಯಂತರ ವರ್ಷಗಳಿಂದ ಸುತ್ತುತ್ತಿದೆಯೆಂಬುದೇ ದೊಡ್ಡ ಅಳತೆಯ ನಾಲ್ಕನೆಯ ದಿಕ್ಕು ಇಲ್ಲವೆಂಬುದಕ್ಕೆ ಸಾಕ್ಷಿ.

ಸಣ್ಣ ಅಳತೆಯದು? ಇಲ್ಲಿ ತಿಯೋಡೋರ್ ಕಲೂಟ್ಸಾ ಎಂಬ ಜರ್ಮನ್ ವಿದ್ವಾಂಸನು 1919ರಲ್ಲಿ ಐನ್‌ಸ್ಟೈನನಿಗೆ ಬರೆದು, 1921ರಲ್ಲಿ ಪ್ರಕಟಿಸಿದ ವಿಚಾರ ಬರುತ್ತದೆ. ಸಾಪೇಕ್ಷತಾ ಸಮೀಕರಣಗಳನ್ನು ಕಾಲವೂ ಸೇರಿ ಐದು ಆಯಾಮಗಳಿಗೆ ಬರೆದರೆ, ಗುರುತ್ವಾಕರ್ಷಣೆಯ ಜೊತೆಗೆ ವಿದ್ಯುತ್ಕಾಂತ ನಿಯಮಗಳೂ ಅವುಗಳಲ್ಲಿಯೇ ಮೂಡಿಬರುತ್ತವೆ. ಹಾಗಾದರೆ ಆ ಐದನೆಯದು ಕಾಣುವುದಿಲ್ಲವೇಕೆ? 1926ರಲ್ಲಿ ಸ್ವೀಡನ್ನಿನ ಆಸ್ಕರ್ ಕ್ಲೈನ್ ಉತ್ತರ ಕೊಟ್ಟನು: ಅದು ಸುರುಳಿ ಸುತ್ತಿಕೊಂಡಿದೆ. ಬಾವಿಯ ಹಗ್ಗವು ದೂರದಿಂದ ಬರಿಯ ಗೆರೆ. ಅದರ ಮೇಲಿನ ಇರುವೆಗೆ ಮಾತ್ರ ಹಗ್ಗವನ್ನು ಸುತ್ತುವ ದಾರಿಯೂ ಉಂಟು. ಕ್ಲೈನನ ಲೆಕ್ಕದಲ್ಲಿ ಆ ಸುತ್ತಳತೆ, ಒಂದು ಮೀಟರನ್ನು ಒಂದರ ಮುಂದೆ 32 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದಷ್ಟು. ಮುಂದೆ ಬಂದ ತಂತುಸಿದ್ಧಾಂತವು ಒಟ್ಟು ಹತ್ತು ಆಯಾಮಗಳನ್ನು ಬೇಡಿತು; 1995ರಲ್ಲಿ ಅದು ಹನ್ನೊಂದಾಯಿತು. ಇವೆಲ್ಲ ಸಮೀಕರಣಗಳ ಬೇಡಿಕೆಗಳು, ಕಂಡ ಸಂಗತಿಗಳಲ್ಲ.

1998ರಲ್ಲಿ ಅರ್ಕಾನಿ-ಹಮೆದ್, ದಿಮೋಪೌಲೋಸ್, ದ್ವಾಲಿ ಎಂಬ ಮೂವರು ಒಂದು ದಿಟ್ಟ ಮಾತನ್ನು ಆಡಿದರು. ಒಂದು ಪುಟ್ಟ ಅಯಸ್ಕಾಂತವು ಇಡೀ ಭೂಮಿಯ ಎಳೆತವನ್ನು ಸೋಲಿಸಿ ಮೊಳೆಯನ್ನು ಎತ್ತುತ್ತದೆ. ಗುರುತ್ವಾಕರ್ಷಣೆಯು ಇಷ್ಟು ದುರ್ಬಲವೇಕೆ? ಅದು ಅಧಿಕ ಆಯಾಮಗಳಿಗೆ ಹರಡಿಹೋಗುತ್ತಿರಬಹುದು, ಅವು ಮಿಲಿಮೀಟರಿನಷ್ಟು ದೊಡ್ಡವೂ ಆಗಿರಬಹುದು ಎಂದರು. ಆಶ್ಚರ್ಯವೆಂದರೆ ಆಗ ಇದನ್ನು ಅಲ್ಲಗಳೆಯುವ ಪ್ರಯೋಗ ಇರಲಿಲ್ಲ. ಗ್ರಹಗಳ ನಡುವೆ ಕರಾರುವಾಕ್ಕಾದ ನ್ಯೂಟನ್ನನ ನಿಯಮವನ್ನು ಮಿಲಿಮೀಟರಿಗಿಂತ ಹತ್ತಿರದಲ್ಲಿ ಯಾರೂ ಚೆನ್ನಾಗಿ ಅಳೆದಿರಲಿಲ್ಲ. ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಈ ಕಾರ್ಯ ನಡೆಯಿತು. 1798ರಲ್ಲಿ ಕ್ಯಾವೆಂಡಿಷ್ ಬಳಸಿದ ತಿರುಚು ತಕ್ಕಡಿಯ ಸಂತತಿಯ ಉಪಕರಣವೇ ಅದು: ಸಣ್ಣ ತಂತಿಯಿಂದ ತೂಗುಬಿಟ್ಟ ಲೋಹದ ಬಿಲ್ಲೆ, ಅದರ ಕೆಳಗೆ ಮೆಲ್ಲನೆ ತಿರುಗುವ ಇನ್ನೊಂದು ಬಿಲ್ಲೆ, ಕೆಳಗಿನದು ಮೇಲಿನದನ್ನು ಎಷ್ಟು ತಿರುಚುತ್ತದೆಂಬುದನ್ನು ಅಳೆಯುವುದು. 2007ರಲ್ಲಿ ಆ ತಂಡವು 55 ಮೈಕ್ರೋಮೀಟರ್ ಅಂತರದ ವರೆಗೆ, 2020ರಲ್ಲಿ 52 ಮೈಕ್ರೋಮೀಟರ್ ವರೆಗೆ ಹಳೆಯ ನಿಯಮವೇ ನಡೆಯುತ್ತದೆಂದು ತೋರಿಸಿತು. ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಈ ಅಂತರಗಳು ತಲೆಗೂದಲಿನ ದಪ್ಪದಷ್ಟು. ಅಧಿಕ ಆಯಾಮ ಒಂದಿದ್ದರೂ ಅದರ ತ್ರಿಜ್ಯ 30 ಮೈಕ್ರೋಮೀಟರಿಗಿಂತ ಕಿರಿದಾಗಿರಲೇಬೇಕೆಂದು 2020ರ ಅಳತೆಯಿಂದ ನಿಶ್ಚಯವಾಯಿತು.

ಇನ್ನೊಂದು ತುದಿಯ ಪರೀಕ್ಷೆ ಅಂತರಿಕ್ಷದಿಂದ ಬಂತು. 2017ರ ಆಗಸ್ಟ್ 17ರಂದು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ನಕ್ಷತ್ರಮಂಡಲದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದುದರ ಗುರುತ್ವ ತರಂಗಗಳು ಅಮೆರಿಕದ ಮತ್ತು ಇಟಲಿಯ ಶೋಧಕಗಳಿಗೆ ತಾಗಿದುವು, 1.7 ಸೆಕೆಂಡುಗಳ ಅನಂತರ ಗ್ಯಾಮಾ ಕಿರಣಗಳೂ ಬಂದುವು. ಗುರುತ್ವವು ದೊಡ್ಡ ಅಳತೆಯ ಅಧಿಕ ಆಯಾಮಗಳಿಗೆ ಸೋರುತ್ತಿದ್ದರೆ ತರಂಗವು ನಿರೀಕ್ಷೆಗಿಂತ ಕ್ಷೀಣವಾಗಿ, ಮೂಲವು ಇನ್ನೂ ದೂರದಲ್ಲಿರುವಂತೆ ತೋರಬೇಕಾಗಿತ್ತು. ತರಂಗದಿಂದ ತಿಳಿದ ದೂರವೂ ನಕ್ಷತ್ರಮಂಡಲದ ಬೆಳಕಿನಿಂದ ತಿಳಿದ ದೂರವೂ ಹೊಂದಿಕೊಂಡುವು. ಜಿನೀವಾದ ಬಳಿಯ ಮಹಾ ಕಣಘರ್ಷಕದಲ್ಲಿ 2010ರಿಂದ ನಡೆದ ಶೋಧಗಳಲ್ಲಿಯೂ ಅಧಿಕ ಆಯಾಮಗಳ ಕುರುಹು ದೊರೆತಿಲ್ಲ.

30 ಮೈಕ್ರೋಮೀಟರಿನಿಂದ ಕ್ಲೈನನ ಅಳತೆಗೆ ಇಳಿಯಲು ಇಪ್ಪತ್ತೇಳು ಸೊನ್ನೆಗಳ ಮೆಟ್ಟಿಲುಗಳಿವೆ. ಸಿಯಾಟಲ್ ಮಾದರಿಯ ಪ್ರಯೋಗವು ಇನ್ನು ಒಂದೆರಡು ಮೆಟ್ಟಿಲು ಇಳಿಯುವುದೂ ಕಷ್ಟ. ಬಿಲ್ಲೆಗಳು ಅಷ್ಟು ಹತ್ತಿರ ಬಂದಾಗ ಅವುಗಳ ಮೈಮೇಲಿನ ಅತ್ಯಲ್ಪ ವಿದ್ಯುದಂಶದ ಸೆಳೆತವೂ ಗುರುತ್ವವನ್ನು ಮುಳುಗಿಸಿಬಿಡುತ್ತದೆ. ಅದನ್ನು ತಡೆಯಲು ಎರಡರ ನಡುವೆ ತಮ್ಮಟೆಯ ಚರ್ಮದಂತೆ ಬಿಗಿದ ತೆಳುವಾದ ಬೆರಿಲಿಯಂ-ತಾಮ್ರದ ಹಾಳೆಯೊಂದನ್ನು ಇಡುತ್ತಾರೆ. ಆ ಹಾಳೆಯ ದಪ್ಪವೂ, ದೂರದ ಬೀದಿಯಿಂದ ಬರುವ ನಡುಕವೂ, ಬಿಲ್ಲೆಗಳ ಮೇಲೆ ಕುಳಿತ ಒಂದು ಧೂಳಿನ ಕಣವೂ ಈಗ ಅಳತೆಗೆ ಅಡ್ಡಬಂದು ನಿಂತಿವೆ.